ಜ್ವರ ಇಳಿಯಿತು, ಎದೆಯ ಭಾರ ಇಳಿಯಲಿಲ್ಲ



ಕೊಯಮತ್ತೂರಿನಿಂದ ಪೇರೂರು ದಾಟಿ ಪಶ್ಚಿಮಕ್ಕೆ ಹೋದರೆ, ಘಟ್ಟದ ಬುಡದಲ್ಲಿ ತೊಂಡಾಮುತ್ತೂರು ಸಿಗುತ್ತದೆ. ಅಡಿಕೆ, ತೆಂಗು, ಬಾಳೆಯ ತೋಟಗಳು; ನಡುನಡುವೆ ಟೊಮೇಟೊ, ಸಾಂಬಾರ್ ಈರುಳ್ಳಿಯ ಹೊಲಗಳು. ಈ ಜಿಲ್ಲೆಯಲ್ಲಿ ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ ಆಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆತಲಾಂತರದಿಂದ ಇವೆಯೆಂಬುದು ನಮ್ಮ ವಾಚಕರಿಗೆ ಹೊಸದಲ್ಲ. ಈಚೆಗೆ ಅಲ್ಲಿಗೆ ಹೋಗಿದ್ದಾಗ ತೋಟದ ಕೂಲಿಗೆ ಹೋಗುವ ಒಬ್ಬ ಸಹೋದರಿಯ ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಮಾತು ಕೊರೋನಾ ಕಾಲಕ್ಕೆ ತಿರುಗಿತು. “ಆ ಜ್ವರ ಹೋಯ್ತು ಅಂತ ಎಲ್ಲಾರೂ ಹೇಳ್ತಾರಣ್ಣಾ. ನನಗೇನೋ ಇಲ್ಲಿ ಒಂದು ಕಲ್ಲು ಇಟ್ಟಂಗೆ ಐತೆ” ಎಂದು ಆಕೆ ಎದೆಯ ಮೇಲೆ ಕೈಯಿಟ್ಟು ತೋರಿಸಿದರು.

ಆಕೆಯ ಗಂಡ 2021ರ ಜೂನ್ ಮೊದಲ ವಾರದಲ್ಲಿ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ ಮೇಲೆ ಹತ್ತಿರ ಹೋಗಲು ಬಿಡಲಿಲ್ಲ. ಮುಖ ನೋಡಿದ್ದು ದೂರದಿಂದ, ಅದೂ ಪ್ಲಾಸ್ಟಿಕ್ಕಿನೊಳಗೆ. ಕೈಗೆ ಬಂದದ್ದು ಒಂದು ಲುಂಗಿ, ಒಂದು ಫೋನು. ಹದಿನೈದು ದಿನ ಮನೆಯ ಬಾಗಿಲಿಗೆ ಯಾರೂ ಬರಲಿಲ್ಲ. ಬರಬಾರದೆಂದೇ ಸರಕಾರ ಹೇಳಿತ್ತು. ಹದಿನಾರನೆಯ ದಿನ ಆಕೆ ಕೂಲಿಗೆ ಹೋದರು. ಅಂದಿನಿಂದ ಎದೆನೋವು, ರಾತ್ರಿ ನಿದ್ದೆಯಿಲ್ಲ, ಊಟ ಒಳಗೆ ಇಳಿಯದು. ಎರಡು ಕಡೆ ಎದೆಯ ಪರೀಕ್ಷೆ ಮಾಡಿಸಿದ್ದಾಯಿತು, ಸಾಲ ಮಾಡಿಯೇ. “ಏನೂ ಇಲ್ಲಮ್ಮಾ, ಧೈರ್ಯವಾಗಿರು” ಎಂದರಂತೆ ಡಾಕ್ಟರು.

“ಏನೂ ಇಲ್ಲ” ಎಂಬ ಈ ಎರಡು ಮಾತಿನ ಕುರಿತೇ ನಾವು ಇಂದು ಬರೆಯಬೇಕೆಂದಿರುವುದು.

ಮಹಾಮಾರಿಯ ಕಾಲದಲ್ಲಿ ಜನರ ಮನಸ್ಸು ಹೇಗೆ ಹೇಗೆ ತಿರುಗಿತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೆನೆಯೋಣ. 2020ರ ಮಾರ್ಚ್ 22ರಂದು ಸಾಯಂಕಾಲ ಐದು ಗಂಟೆಗೆ ದೇಶವೆಲ್ಲ ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ವೈದ್ಯರಿಗೆ, ದಾದಿಯರಿಗೆ, ಪೌರಕಾರ್ಮಿಕರಿಗೆ ಅದು ವಂದನೆ ಎಂದರು. ಮೂರು ದಿನ ಕಳೆದು ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೀಪ ಹಚ್ಚಿದರು. ಅದೇ ತಿಂಗಳ 19ರಂದು ಚೆನ್ನೈಯಲ್ಲಿ ಕೊರೋನಾದಿಂದ ತೀರಿಕೊಂಡ ಒಬ್ಬ ನರರೋಗ ಶಸ್ತ್ರವೈದ್ಯರ ಶವವನ್ನು ಹೂಳಲು ಬಿಡದೆ ಜನ ಕಲ್ಲು ದೊಣ್ಣೆ ಹಿಡಿದು ಬಂದರು. ಕಡೆಗೆ ಅವರ ಸಹೋದ್ಯೋಗಿ ವೈದ್ಯರೇ ಗುದ್ದಲಿ ಹಿಡಿದು ಮಣ್ಣು ಮುಚ್ಚಬೇಕಾಯಿತು. ಚಪ್ಪಾಳೆ ತಟ್ಟಿದ ಕೈಯೂ ಕಲ್ಲೆತ್ತಿದ ಕೈಯೂ ಬೇರೆ ಬೇರೆ ಜನರವು ಎಂದು ಹೇಳಿ ತಪ್ಪಿಸಿಕೊಳ್ಳುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಭಯ ಹಿಡಿದ ಮನುಷ್ಯ ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಆಗುತ್ತಾನೆ. ದಾದಿಯರಿಗೆ ಬಾಡಿಗೆ ಮನೆ ಬಿಡಿ ಎಂದವರಲ್ಲಿ ದೀಪ ಹಚ್ಚಿದವರೂ ಇದ್ದರು. ನಮ್ಮ ಸಭೆಗಳವರೂ ಇದ್ದರೆಂದು ಹೇಳಲು ನಮಗೆ ನಾಚಿಕೆಯಾಗುತ್ತದೆ.

ಭಯಕ್ಕೆ ಒಂದು ನೆಲೆ ಬೇಕು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕೊಯಮತ್ತೂರಿಗೆ ಪ್ಲೇಗು ಮತ್ತೆ ಮತ್ತೆ ಬಂದಾಗ ಜನ ಪ್ಲೇಗ್ ಮಾರಿಯಮ್ಮನಿಗೆ ಗುಡಿ ಕಟ್ಟಿದರು. ಆ ಗುಡಿಗಳು ಇಂದಿಗೂ ಇವೆ. 1898ರಲ್ಲಿ ಪ್ಲೇಗು ಹೊಕ್ಕ ಬೆಂಗಳೂರಿನಲ್ಲೂ ಪ್ಲೇಗಮ್ಮನಿದ್ದಾಳೆ. 2021ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಪಕ್ಕದ ಇರುಗೂರಿನಲ್ಲಿ ಕೊರೋನಾ ದೇವಿಯ ವಿಗ್ರಹವನ್ನು ಇಟ್ಟಾಗ ಪತ್ರಿಕೆಗಳು ನಕ್ಕವು. ನಮ್ಮ ನಂಬಿಕೆ ಬೇರೆ. ಆದರೂ ನಗುವ ಹಕ್ಕು ನಮಗಿದೆಯೆಂದು ತೋರುವುದಿಲ್ಲ. ಆಸ್ಪತ್ರೆಯಲ್ಲಿ ಮಂಚವಿಲ್ಲ, ಆಮ್ಲಜನಕವಿಲ್ಲ ಎಂದು ಕೇಳಿದ ಮನುಷ್ಯ ತನ್ನ ಹೆದರಿಕೆಯನ್ನು ಎಲ್ಲಿ ಇಳಿಸಿಡಬೇಕು? ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆಗ ಊರೇ ಒಟ್ಟಿಗೆ ಹೊರಬಿತ್ತು. ಈ ಸಲ ಒಬ್ಬೊಬ್ಬರನ್ನೂ ಅವರವರ ಮನೆಯೊಳಗೇ ಇರಿಸಲಾಯಿತು. ರೋಗ ತಡೆಯಲು ಅದು ಬೇಕಿತ್ತೆಂದು ಒಪ್ಪೋಣ. ಆದರೆ ಹತ್ತಡಿ ಚೌಕದ ಕೋಣೆಯಲ್ಲಿ ಆರು ಮಂದಿ ಇರುವ ಲೈನು ಮನೆಗಳಲ್ಲಿ “ದೂರವಿರಿ” ಎಂಬ ಮಾತಿಗೆ ಅರ್ಥವೇನು?

ತೊಂಡಾಮುತ್ತೂರಿನ ಸುತ್ತಿನ ಕೂಲಿಕಾರರ ವಿಷಯಕ್ಕೆ ಬರೋಣ. ಈ ಜಿಲ್ಲೆಯ ತರಕಾರಿಗೆ ಕೇರಳ ದೊಡ್ಡ ಗಿರಾಕಿ. 2020ರ ಮಾರ್ಚ್ ಕೊನೆಯಲ್ಲಿ ವಾಳಯಾರಿನ ಗಡಿಯಲ್ಲಿ ಓಡಾಟ ಕಟ್ಟುನಿಟ್ಟಾಯಿತು. ಹೋಟೆಲುಗಳು, ಮದುವೆ ಮಂಟಪಗಳು ಮುಚ್ಚಿದವು. ಟೊಮೇಟೊ ಗಿಡದಲ್ಲೇ ಕೊಳೆಯಿತು, ಬಾಳೆಗೊನೆ ಕಡಿದರೆ ಕಡಿದ ಕೂಲಿಯೂ ಹುಟ್ಟುವಂತಿರಲಿಲ್ಲ. ಬೆಳೆದವನಿಗೆ ನಷ್ಟವಾಯಿತೆಂದು ಪತ್ರಿಕೆಯಲ್ಲಿ ಬಂತು. ಕೊಯ್ಯುವವರು, ಹೊರುವವರು, ಲಾರಿಗೆ ತುಂಬುವವರು ನಷ್ಟದ ಲೆಕ್ಕದಲ್ಲೂ ಸೇರಲಿಲ್ಲ. ಪಡಿತರ ಚೀಟಿಗೆ 2020ರ ಏಪ್ರಿಲ್‌ನಲ್ಲಿ 1,000 ರೂಪಾಯಿ, 2021ರ ಎರಡನೆಯ ಅಲೆಯಲ್ಲಿ ಎರಡು ಕಂತಿನಲ್ಲಿ 4,000 ರೂಪಾಯಿ ರಾಜ್ಯ ಸರಕಾರ ಕೊಟ್ಟಿತು. ಕೊಟ್ಟದ್ದನ್ನು ಇಲ್ಲವೆನ್ನಬಾರದು, ಅಕ್ಕಿಯೂ ಬಂತು. ಆದರೆ ಮೀಟರ್ ಬಡ್ಡಿಗೆ ತಂದ ಸಾಲ, ಸ್ವಸಹಾಯ ಗುಂಪಿನ ವಾರದ ಕಂತು, ಮನೆ ಬಾಡಿಗೆ ಇವು ಲಾಕ್‌ಡೌನ್ ನೋಡಿ ನಿಲ್ಲುವಂಥವಲ್ಲ.

ಪೂರ್ವಕ್ಕೆ ತಿರುಪ್ಪೂರಿನಲ್ಲಿ ಇನ್ನೊಂದು ಬಗೆ. ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬನಿಯನ್ ಕಂಪೆನಿಗಳಿಗೆ ಬಂದ ಹುಡುಗ ಹುಡುಗಿಯರಿಗೆ ಊರಿಗೆ ಹೋಗಲು ರೈಲಿಲ್ಲ, ಇರಲು ಕೂಲಿಯಿಲ್ಲ. ಶ್ರಮಿಕ ರೈಲುಗಳು ಹೊರಟಿದ್ದೇ 2020ರ ಮೇ 1ರಂದು, ಕಾರ್ಮಿಕರ ದಿನದಂದು! ಅದಕ್ಕೂ ಮೊದಲಿನ ಐದು ವಾರ ಅವರು ಏನು ಯೋಚಿಸುತ್ತಾ ಗೋಡೆ ನೋಡಿಕೊಂಡಿದ್ದರೋ ಕೇಳಿದವರು ಯಾರು? ನಮ್ಮ ಕರ್ನಾಟಕವೂ ಇದರಲ್ಲಿ ಹಿಂದೆ ಬೀಳಲಿಲ್ಲ. ಅದೇ ಮೇ 5ರಂದು ಕಟ್ಟಡ ನಿರ್ಮಾಣಗಾರರ ಜೊತೆ ಮಾತುಕತೆ ನಡೆದ ಮೇಲೆ ಬೆಂಗಳೂರಿನಿಂದ ಹೊರಡಬೇಕಿದ್ದ ರೈಲುಗಳನ್ನು ಸರಕಾರ ರದ್ದುಮಾಡಿತು. ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು. ಹೋಗಬೇಕೆಂದವನನ್ನು ತಡೆದಿಟ್ಟುಕೊಳ್ಳಬಹುದು ಎಂಬ ಯೋಚನೆ ಒಂದು ಸರಕಾರಕ್ಕೆ ಬಂತಲ್ಲ, ಆ ಮನುಷ್ಯನ ಮನಸ್ಸಿಗೆ ಅದರಿಂದ ಏನಾಯಿತೆಂದು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲಿದೆ?

2021ರ ಮೇ ಕೊನೆಯ ವಾರ ಕೊಯಮತ್ತೂರು ಜಿಲ್ಲೆಯಲ್ಲಿ ದಿನವೊಂದಕ್ಕೆ ಸೋಂಕು ತಗಲಿದವರ ಸಂಖ್ಯೆ ಚೆನ್ನೈಯನ್ನೂ ಮೀರಿತು. ಮೇ 30ರಂದು ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ಮೈಯೆಲ್ಲ ಮುಚ್ಚುವ ರಕ್ಷಾಕವಚ ತೊಟ್ಟು ಇ.ಎಸ್.ಐ. ಆಸ್ಪತ್ರೆಯ ಕೊರೋನಾ ವಾರ್ಡಿನೊಳಗೆ ಹೋಗಿ ರೋಗಿಗಳನ್ನು ಮಾತಾಡಿಸಿದರು. ಅದು ಪ್ರಚಾರವೆಂದು ಕೆಲವರು ಅಂದರು. ಇರಲಿ. ಹೆದರಿ ಮಲಗಿದವನ ಮಂಚದ ಹತ್ತಿರಕ್ಕೆ ಒಬ್ಬರು ಹೋದದ್ದೇ ಅಂದು ಜಿಲ್ಲೆಯ ಜನಕ್ಕೆ ಎಷ್ಟು ಸಮಾಧಾನ ತಂದಿತೆಂದು ನಾವು ಕಣ್ಣಾರೆ ಕಂಡಿದ್ದೇವೆ. ಜ್ವರಕ್ಕೆ ಗುಳಿಗೆ ಹೇಗೋ ಮನಸ್ಸಿಗೆ ಮನುಷ್ಯನ ಮುಖ ಹಾಗೆ.

ಆ ಮುಖವೇ ಅಂದು ಸತ್ತವರ ಮನೆಗಳಿಗೆ ಸಿಗಲಿಲ್ಲ. ಶವಸಂಸ್ಕಾರಕ್ಕೆ 20 ಮಂದಿಗೆ ಮೇಲೆ ಸೇರಬಾರದೆಂಬ ನಿಯಮ. ರೋಗದಿಂದ ಸತ್ತವರಿಗೆ ಆ ಇಪ್ಪತ್ತೂ ಇಲ್ಲ. ನಮ್ಮ ಜನರಲ್ಲಿ ಸಾವು ಬಂದರೆ ಹೇಗೆ ನಡೆದುಕೊಳ್ಳುತ್ತಾರೆ? ನೆರೆಯವರು ಬಂದು ಒಲೆ ಹಚ್ಚುತ್ತಾರೆ, ಹೆಂಗಸರು ತಬ್ಬಿ ಅಳುತ್ತಾರೆ, ಸಭಾಪಾಲಕರು ಬಂದು ಪ್ರಾರ್ಥಿಸುತ್ತಾರೆ, ಮೂರನೆಯ ದಿನ ಮತ್ತೆ ಸೇರುತ್ತಾರೆ. ಇದೆಲ್ಲ ಬರೀ ಆಚಾರವೆಂದು ತಿಳಿದಿದ್ದೆವು. ಮಣ್ಣು ಹಾಕುವ ಮುಷ್ಟಿಯಲ್ಲಿ ದುಃಖದ ಒಂದು ಪಾಲು ಇಳಿದುಹೋಗುತ್ತದೆ ಎಂಬುದು ಮುಷ್ಟಿ ಮಣ್ಣು ಹಾಕಲಾಗದೆ ಹೋದ ಮೇಲೆ ತಿಳಿಯಿತು. ತೊಂಡಾಮುತ್ತೂರಿನ ಆ ಸಹೋದರಿಯ ಎದೆಯ ಮೇಲಿನ ಕಲ್ಲು ಅದೇ ಎಂದು ನಮ್ಮ ಅನಿಸಿಕೆ.

ಇನ್ನು ಅಂಕೆಗಳು. ಅವು ನೀರಸವಾದರೂ ಈ ಸಲ ವಾಚಕರು ಅವುಗಳನ್ನು ಹಾರಿಸಿ ಓದಬಾರದೆಂದು ಬೇಡುತ್ತೇವೆ. ಆತ್ಮಹತ್ಯೆಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆ ಕಾರ್ಯಾಲಯ ವರ್ಷ ವರ್ಷ ಪ್ರಕಟಿಸುತ್ತದೆ. ರೋಗ ಬರುವ ಮೊದಲು, 2019ರಲ್ಲಿ, ದೇಶದಲ್ಲಿ ಹೀಗೆ ಪ್ರಾಣ ಬಿಟ್ಟ ದಿನಗೂಲಿಗಳು 32,563 ಮಂದಿ. 2020ರಲ್ಲಿ 37,666. 2021ರಲ್ಲಿ 42,004. ಎರಡೇ ವರ್ಷದಲ್ಲಿ 9,441 ಮಂದಿ ಹೆಚ್ಚು. ಬೇಸಾಯದ ಕೂಲಿಗಳು ಈ ಲೆಕ್ಕದಲ್ಲಿ ಸೇರಿಲ್ಲ. ಅವರನ್ನು ಬೇರೆ ಎಣಿಸುತ್ತಾರೆ. ಈ ದಿನಗೂಲಿಗಳ ಸಾವಿನಲ್ಲಿ ಎರಡೂ ವರ್ಷ ಮೊದಲ ಸ್ಥಾನ ತಮಿಳುನಾಡಿನದೇ: 2020ರಲ್ಲಿ 6,495, 2021ರಲ್ಲಿ 7,673. ರೋಗದ ಅಬ್ಬರ ಕಳೆದ 2022ರಲ್ಲಾದರೂ ಇಳಿಯಿತೇ? ಇಲ್ಲ. ಆ ವರ್ಷ ದೇಶದಲ್ಲಿ ಒಟ್ಟು 1,70,924 ಮಂದಿ. ಅವರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ದಿನಗೂಲಿಗಳು. ಜ್ವರದ ಗೆರೆ ಕೆಳಗಿಳಿಯಿತು, ಈ ಗೆರೆ ಮೇಲೆಯೇ ಹೋಯಿತು.

ಇದಕ್ಕೆಲ್ಲ ಕೊರೋನಾ ಒಂದೇ ಕಾರಣವೆಂದು ನಾವು ಹೇಳುವುದಿಲ್ಲ. 2019ಕ್ಕೂ ಮೊದಲೇ ಏರಿಕೆ ಇತ್ತು. ಆದರೆ ಕಾರಣಗಳ ಪಟ್ಟಿಯನ್ನು ನೋಡಿ. 2021ರಲ್ಲಿ ಮೂರರಲ್ಲಿ ಒಂದು ಪಾಲು “ಕೌಟುಂಬಿಕ ಸಮಸ್ಯೆ” ಎಂದು ಬರೆದಿದೆ. ಠಾಣೆಯ ಬರಹಗಾರ ಒಂದು ಕಲಮಿನಲ್ಲಿ ಒಂದೇ ಕಾರಣ ತುಂಬಬೇಕು. ಕೆಲಸ ಹೋಗಿ, ಸಾಲ ಏರಿ, ಸಾಲದವನು ಬಾಗಿಲಲ್ಲಿ ಕೂಗಿ, ಗಂಡ ಹೆಂಡಿರಲ್ಲಿ ಜಗಳವಾಗಿ ಒಬ್ಬರು ಸತ್ತರೆ ಅದು ಕೌಟುಂಬಿಕ ಸಮಸ್ಯೆ! ಕೂಲಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದುದರಿಂದ ಮನಸ್ಸಿನ ಕಾಯಿಲೆ ಓದಿದವರ, ಉಳ್ಳವರ ಕಾಯಿಲೆ ಎಂದು ನಮ್ಮ ಸಂಘಗಳಲ್ಲಿ ಇನ್ನೂ ಆಡುವ ಮಾತನ್ನು ಬಿಡಬೇಕು. 2020ರ ಮೊದಲ ವರ್ಷದಲ್ಲೇ ಲೋಕದಲ್ಲಿ ಕಳವಳ, ಖಿನ್ನತೆ ಕಾಲುಭಾಗದಷ್ಟು ಹೆಚ್ಚಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಕೂಲಿಗಾರ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೆ. “ತಲೆ ಗಿರ್ ಅಂತದೆ”, “ಕೈಕಾಲಲ್ಲಿ ಸತ್ವ ಇಲ್ಲ”, “ಹೊಟ್ಟೆ ಉರಿ” ಎನ್ನುತ್ತಾನೆ. ಡಾಕ್ಟರು ಹೊಟ್ಟೆಗೆ ಮದ್ದು ಕೊಡುತ್ತಾರೆ. ಅದರಲ್ಲೂ ನಮ್ಮವರು ಮನೆಯ ಸಂಕಟವನ್ನು ಕನ್ನಡದಲ್ಲಿ ನೆನೆದು, ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ತಮಿಳಿನಲ್ಲಿ ಹೇಳಬೇಕು. ತಿರುಪ್ಪೂರಿನ ಒಡಿಯಾ ಹುಡುಗಿಗೆ ಅದೂ ಬಾರದು. ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ನಡೆಸಿದ ದೇಶದ ಸಮೀಕ್ಷೆಯಲ್ಲಿ, ಮನಸ್ಸಿನ ಕಾಯಿಲೆಯುಳ್ಳವರಲ್ಲಿ ಬಹುಪಾಲು ಮಂದಿ, ಎಂದರೆ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು, ಚಿಕಿತ್ಸೆಯೇ ಕಾಣದೆ ಇದ್ದಾರೆಂದು ತಿಳಿದುಬಂದಿತ್ತು. ಅದು ಮಹಾಮಾರಿಗೂ ಮೊದಲಿನ ಮಾತು.

ಕುಡಿತದ ವಿಷಯದಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಪಾನನಿರೋಧದ ಬಗ್ಗೆ ನಾವು ಎಷ್ಟೋ ಸಲ ಬರೆದಿದ್ದೇವೆ, ಮಾತಾಡಿದ್ದೇವೆ. 2020ರ ಮಾರ್ಚ್‌ನಲ್ಲಿ ಟಾಸ್ಮಾಕ್ ಅಂಗಡಿಗಳು ಮುಚ್ಚಿದಾಗ ಒಳ್ಳೆಯದೇ ಆಯಿತೆಂದು ಸಂತೋಷಪಟ್ಟೆವು. ಎಷ್ಟೋ ಮನೆಯ ಹೆಂಗಸರೂ ಪಟ್ಟರು. ಆದರೆ ಇಪ್ಪತ್ತು ವರ್ಷ ದಿನವೂ ಕುಡಿದ ದೇಹ ಒಂದೇ ದಿನ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬಂದು ಪ್ರಾಣಕ್ಕೇ ಅಪಾಯವಾಗುತ್ತದೆ. ನೆರೆಯ ಕೇರಳದಲ್ಲಿ ಮೊದಲ ವಾರದಲ್ಲೇ ಸಾವುಗಳಾದವು. ಚೀಟಿಯ ಮೇಲೆ ಮದ್ಯ ಕೊಡುವುದೆಂದು ಅಲ್ಲಿನ ಸರಕಾರ ಹೊರಟಾಗ ಹೈಕೋರ್ಟು ತಡೆಯಿತು. ಚೀಟಿ ಸರಿಯಲ್ಲವೆಂದು ವೈದ್ಯರು ಹೇಳಿದ್ದು ನ್ಯಾಯವೇ. ಅವರಿಗೆ ಬೇಕಿದ್ದದ್ದು ಆಸ್ಪತ್ರೆಯ ಚಿಕಿತ್ಸೆ. ನಮ್ಮಲ್ಲಿ ಎಷ್ಟು ಮಂದಿ ಆಗ ಒಬ್ಬ ಕುಡುಕನನ್ನು ರೋಗಿ ಎಂದು ಕಂಡು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆವು? ಪಾಪಿ ಎಂದು ಕರೆದು ಅಭ್ಯಾಸವಾಗಿಬಿಟ್ಟಿದೆ.

“ಧೈರ್ಯವಾಗಿರಿ, ಪ್ರಾರ್ಥನೆ ಮಾಡಿರಿ” ಎಂದು ಹೇಳಿ ಎದ್ದು ಬರುವುದೂ ಅದೇ ಬಗೆಯ ಅಭ್ಯಾಸ. ಪ್ರಾರ್ಥನೆ ಬೇಡವೆಂದು ನಾವು ಹೇಳೇವೆಯೇ? ಆದರೆ ಎಲೀಯನ ಕಥೆಯನ್ನು ನೆನೆಯಿರಿ. ಸಾಕು, ಪ್ರಾಣ ತೆಗೆದುಕೋ ಎಂದು ಬೇಡಿಕೊಂಡು ಆ ಪ್ರವಾದಿ ಅಡವಿಯಲ್ಲಿ ಗಿಡದ ಕೆಳಗೆ ಮಲಗಿಬಿಟ್ಟಾಗ, ಬಂದ ದೂತನು ಬೋಧನೆ ಮಾಡಲಿಲ್ಲ, ನಿನ್ನ ನಂಬಿಕೆ ಎಲ್ಲಿ ಎಂದು ಗದರಿಸಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆದೆಸೆಯಲ್ಲಿಟ್ಟು, ತಿನ್ನು ಎಂದನು. ತಿಂದು ಮತ್ತೆ ಮಲಗಿದನು. ಎರಡನೆಯ ಸಲವೂ ರೊಟ್ಟಿಯೇ. ದೇವರ ಮಾತು ಕೇಳಿಸಿದ್ದು ಅದಾದ ಮೇಲೆ. ಸಾಲದಲ್ಲಿ ಮುಳುಗಿದವನ ಮನಸ್ಸಿಗೆ ಮೊದಲ ಮದ್ದು ಅವನ ಬಾಕಿ ಕೂಲಿ. ಅದನ್ನು ವಸೂಲು ಮಾಡಿಕೊಡುವ ಸಂಘದ ಕಾರ್ಯದರ್ಶಿ ತನಗೆ ತಿಳಿಯದೆಯೇ ವೈದ್ಯ.

ಕಾರ್ಮಿಕರಿಗೆ ಹಕ್ಕಾಗಿ ಇರುವುದನ್ನೂ ನಾವು ಬಳಸುತ್ತಿಲ್ಲ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆ ರಜೆಗೆ ಕೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನ ಸಿಗುತ್ತದೆಂದು ಎಲ್ಲರಿಗೂ ಗೊತ್ತು. ದೀರ್ಘಕಾಲದ ಕಾಯಿಲೆಗಳಿಗೆ ನೂರಕ್ಕೆ 80ರಂತೆ ಎರಡು ವರ್ಷದವರೆಗೆ ಕೊಡುವ ಇನ್ನೊಂದು ಸವಲತ್ತಿದೆ. ಕ್ಷಯ, ಕುಷ್ಠ, ಕ್ಯಾನ್ಸರುಗಳಿರುವ ಆ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗಗಳೂ ಒಂದು ಬಗೆಯ ತೀವ್ರ ಖಿನ್ನತೆಯೂ ಸೇರಿವೆ. ಇದನ್ನು ನಾವು ಗಿರಣಿ ಕಾರ್ಮಿಕರ ಕೂಟವೊಂದರಲ್ಲಿ ಹೇಳಿದಾಗ ಒಬ್ಬರಿಗೂ ತಿಳಿದಿರಲಿಲ್ಲ. ಒಬ್ಬ ಹಿರಿಯರು ಮಾತ್ರ ಕೇಳಿದರು: “ಸರಿ ಸಾರ್, ಹುಚ್ಚು ಅಂತ ಚೀಟಿ ತಂದವನನ್ನ ಮೇಸ್ತ್ರಿ ಮತ್ತೆ ಮಗ್ಗಕ್ಕೆ ಬಿಡ್ತಾನಾ?” ಈ ಪ್ರಶ್ನೆಗೆ ಉತ್ತರ ಕಾಯಿದೆಯಲ್ಲಿಲ್ಲ, ಸಂಘದ ಬಲದಲ್ಲಿದೆ. ತೋಟದ ಕೂಲಿಯವರಿಗಂತೂ ಇ.ಎಸ್.ಐ. ಎಂಬುದೇ ಇಲ್ಲ. ತೊಂಡಾಮುತ್ತೂರಿನ ಆ ಸಹೋದರಿಗೆ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು.

ದೊಡ್ಡ ಆಸ್ಪತ್ರೆ ಕಟ್ಟಿದರೆ ಮಾತ್ರ ಇದು ಸಾಧ್ಯವೆಂದು ಕೈಚೆಲ್ಲಬೇಕಿಲ್ಲ. 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಕೆಲವು ವಾರ ತರಬೇತಿ ಕೊಟ್ಟು ಮನೋರೋಗ ಗುರುತಿಸಿ ಔಷಧ ಕೊಡಬಹುದೆಂದು ತೋರಿಸಿದರು. ಬಳ್ಳಾರಿಯ ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ಜಿಲ್ಲೆ ಜಿಲ್ಲೆಗೂ ಅದು ಬಂದಿದೆ. ಕೆಲಸ ಎಲ್ಲ ಕಡೆ ಒಂದೇ ಸಮ ಇಲ್ಲ, ಆದರೂ ಸರಕಾರಿ ಆಸ್ಪತ್ರೆಯಲ್ಲಿ ಕೇಳುವುದು ನಮ್ಮ ಹಕ್ಕು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ತಮಿಳು ಕನ್ನಡ ಎರಡರಲ್ಲೂ ಮಾತಾಡಬಹುದು. ಇನ್ನು ಬದುಕುವುದೇ ಬೇಡವೆನ್ನುವವರ ಹತ್ತಿರ ಆ ಮಾತನ್ನು ಎತ್ತಿದರೆ ಎಲ್ಲಿ ಮಾಡಿಕೊಂಡುಬಿಡುತ್ತಾರೋ ಎಂದು ಹೆದರಬೇಡಿರಿ. ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳಿದ್ದರಿಂದ ಯಾರೂ ಸಾಯುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ಕೇಳಿದ ಮೇಲೆ ಅವರನ್ನು ಒಬ್ಬರನ್ನೇ ಬಿಟ್ಟು ಬರಬೇಡಿರಿ.

ಸಹೋದರಿಯ ಮನೆಯಲ್ಲಿ ಕುಳಿತೇ ನಾವು ಆ ಸಂಖ್ಯೆಗೆ ಮಾಡಿಕೊಟ್ಟೆವು. ಆಕೆ ಫೋನು ಹಿಡಿದು ಹಿತ್ತಲಿಗೆ ಹೋದರು. ಇಪ್ಪತ್ತೈದು ನಿಮಿಷವಾಯಿತು, ಅತ್ತದ್ದು ಕೇಳಿಸುತ್ತಿತ್ತು. ಒಳಗೆ ಬಂದು “ಅವರು ಅವರ ಹೆಸರು ಕೇಳಿದ್ರಣ್ಣಾ, ನಮ್ಮ ಯಜಮಾನ್ರ ಹೆಸರು” ಎಂದರು.

ಮುಂದಿನ ತಿಂಗಳ ಕೂಟದಲ್ಲಿ ಅರ್ಧ ಗಂಟೆಯನ್ನು ಆ ಎರಡು ವರ್ಷಗಳಲ್ಲಿ ಮಣ್ಣು ಹಾಕಲಾಗದೆ ಹೋದವರ ಹೆಸರು ಹೇಳುವುದಕ್ಕಾಗಿ ಇಟ್ಟಿದ್ದೇವೆ. ಯಾವ ಮತದವರಾದರೂ ಬಂದು ತಮ್ಮವರ ಹೆಸರು ಹೇಳಬಹುದು, ಭಾಷಣವಿರುವುದಿಲ್ಲ. ಆ ಸಹೋದರಿ ಬರುತ್ತೇನೆಂದಿದ್ದಾರೆ. ಹೆಂಗಸರಿಗೆ ಟೌನ್ ಬಸ್ಸಿಗೆ ಚಾರ್ಜಿಲ್ಲ, ಕೂಲಿ ಮಾತ್ರ ತಪ್ಪಬಾರದಷ್ಟೆ. ಅದಕ್ಕೇ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಇಟ್ಟುಕೊಂಡಿದ್ದೇವೆ.